ಬೀಗಿತ್ತಿಯ ಇದ್ದಿಲು

ಉಕ್ಕಿನ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಯಾಕಕ್ಕ. ಬೆಲ್ಟ್ ನಿಂತರೆ ಯಾಕೆ, ಓಡಿದರೆ ಯಾಕೆ, ಕ್ಯಾಂಟೀನಿನ ಚಹಾ ನೀರಾದರೆ ಯಾಕೆ. ಊದುಕುಲುಮೆಗೆ ಕಲ್ಲಿದ್ದಲು ಸಾಗಿಸುವ ಬೆಲ್ಟನ್ನು ಕಾಯುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಸೇರಿ, ಆ ಸಂಬಳದಲ್ಲೇ ಮಗಳನ್ನು ಓದಿಸಿ ಮದುವೆ ಮಾಡಿದ್ದಳು. ಎಷ್ಟು ಒಗೆದರೂ ಕಪ್ಪು ಬಿಡದ ಬಟ್ಟೆ ಹಿಡಿದು ಸೋಪಿನ ಅಂಗಡಿಯವನ ತಲೆಯನ್ನೂ ತಿಂದಿದ್ದಳು.

ಒಂದು ಬೆಳಿಗ್ಗೆ ಅಂಗಳದಲ್ಲಿ ಸುರಿದಿದ್ದ ರಾಶಿ ಎಂದಿನ ಕಪ್ಪಿನದಾಗಿರಲಿಲ್ಲ. ಯಾಕಕ್ಕ ಒಂದು ತುಂಡು ಎತ್ತಿಕೊಂಡಳು. ಹತ್ತಿಯ ಹಾಗೆ ಹಗುರ. ಮುರಿದು ನೋಡಿದರೆ ಒಳಗೆ ಮರದ ಉಂಗುರಗಳು ಹಾಗೇ ಇದ್ದವು.

ಪಕ್ಕದಲ್ಲಿ ನಿಂತಿದ್ದ ಇಂಜಿನಿಯರ್ ಹುಡುಗಿಯನ್ನು ಕೇಳಿದಳು. “ಇದು ಇದ್ದಿಲಲ್ವಾ ಮೇಡಂ? ಒಲೆಗೆ ಹಾಕೋದನ್ನ ಇಲ್ಲಿಗ್ಯಾಕೆ ತಂದ್ರಿ?”

“ಕಲ್ಲಿದ್ದಲಿನ ಬದಲಿಗೆ ಅಕ್ಕ. ಕಾಡಲ್ಲಿ ಉಳಿದ ಕೊಂಬೆ ರೆಂಬೆ ಸುಟ್ಟು ಮಾಡಿದ್ದು. ಪುಡಿ ಮಾಡಿ ಕುಲುಮೆಗೆ ಊದಿ ನೋಡ್ತೀವಿ.”

“ಹೊಗೆ ಅದೇ ಹೊಗೆ ತಾನೇ?”

“ಅದೇ. ಆದ್ರೆ ಮರ ಅದನ್ನ ಮೊನ್ನೆ ಮೊನ್ನೆ ಗಾಳಿಯಿಂದಲೇ ತಗೊಂಡಿದ್ದು. ಮುಂದೆ ಬೆಳೆಯೋ ಮರ ವಾಪಸ್ ಎಳ್ಕೊಳ್ಳತ್ತೆ. ಕಲ್ಲಿದ್ದಲು ಯಾವ ಕಾಲದಿಂದ್ಲೋ ನೆಲದಡಿ ಮಲಗಿರೋದು. ಅದನ್ನ ಎಬ್ಬಿಸಿ ಬಿಟ್ರೆ ಅದರ ಹೊಗೆ ಗಾಳಿಗೆ ಹೊಸದಾಗಿ ಸೇರ್ಕೊಳ್ಳತ್ತೆ.”

“ಮರ ಮತ್ತೆ ಬೆಳೀದೇ ಹೋದ್ರೆ?”

ಹುಡುಗಿ ಅವಳ ಕೈಯಿಂದ ತುಂಡನ್ನು ತೆಗೆದುಕೊಂಡು ಉಂಗುರಗಳನ್ನು ನೋಡಿದಳು. “ಆಗ ಲೆಕ್ಕ ತಪ್ಪತ್ತೆ. ಅದಕ್ಕೇ ಕಾಡಿನವರ ಜೊತೆ ಮಾತಾಡ್ತಾ ಇದ್ದೀವಿ.”

ಆ ದಿನದ ಪ್ರಯೋಗ ಕೈಕೊಟ್ಟಿತು. ಇದ್ದಿಲಿಗೆ ತೇವ ಹಿಡಿದಿದ್ದರಿಂದ ಅದರ ಪುಡಿ, ಅದನ್ನು ತುಂಬಿಡುವ ಬಂಕರಿನ ತಳದ ಬಾಯಲ್ಲಿ ಗಂಟು ಕಟ್ಟಿ, ಏನು ಮಾಡಿದರೂ ಕೆಳಗೆ ಇಳಿಯಲಿಲ್ಲ. ಲೋಡು ಎಲ್ಲಿಂದ ಬಂತೆಂದು ಯಾಕಕ್ಕ ವಿಚಾರಿಸಿದಳು. ಲಾರಿಯವನು ಹೇಳಿದ ಊರು ಕೇಳಿ ಅವಳ ಮುಖ ಸಣ್ಣಗಾಯಿತು. ಅದು ಅವಳ ಬೀಗಿತ್ತಿಯ ಊರು. ಅಲ್ಲಿ ಇದ್ದಿಲು ಸುಡುವ ಹೆಂಗಸರ ಗುಂಪಿಗೆ ಬೀಗಿತ್ತಿಯೇ ಮುಂದಾಳು.

ಇಬ್ಬರಿಗೂ ಮಾತು ಬಿಟ್ಟಿತ್ತು. ಮದುವೆ ಮನೆಯಲ್ಲಿ ಯಾಕಕ್ಕ ಎಲ್ಲರೆದುರು, “ಅಲ್ಲಾ, ನಿಮ್ಮ ಮಗನಿಗೆ ಇಷ್ಟು ತಡವಾಗಿ ಯಾಕೆ ಮದುವೆ?” ಎಂದು ಕೇಳಿಬಿಟ್ಟಿದ್ದಳು. ಕೇಳಿದ್ದು ಬರೀ ಕುತೂಹಲಕ್ಕೆ. ಬೀಗಿತ್ತಿ ಮಾತ್ರ ಅಂದಿನಿಂದ ಮುಖ ತಿರುಗಿಸಿದ್ದಳು.

ಆದರೂ ಮರದ ಪ್ರಶ್ನೆ ಯಾಕಕ್ಕನನ್ನು ಸುಮ್ಮನಿರಗೊಡಲಿಲ್ಲ. ರಜೆಯ ದಿನ ಬಸ್ಸು ಹತ್ತಿದಳು.

ಕಾಡಂಚಿನಲ್ಲಿ, ಇದ್ದಿಲು ಸುಡುವ, ಮುಚ್ಚಳ ಬಿಗಿದ ಕಬ್ಬಿಣದ ಗೂಡುಗಳ ನಡುವೆ ಬೀಗಿತ್ತಿ ನಿಂತಿದ್ದಳು. “ಬಂದ್ರಾ? ಬನ್ನಿ,” ಎಂದಳು, ಕರೆದಂತೆಯೂ ಅಲ್ಲ, ಕರೆಯದಂತೆಯೂ ಅಲ್ಲ.

“ನಿಮ್ಮ ಇದ್ದಿಲು ನಮ್ಮಲ್ಲಿ ಗಂಟು ಕಟ್ಕೊಂಡು ಕೂತಿದೆ, ಬೀಗ್ತಿಯವರೇ. ತೇವ.”

ಬೀಗಿತ್ತಿಯ ಮೂಗಿನ ತುದಿಗೆ ಕೋಪ ಬಂತು. “ತೇವಾನಾ? ಇಲ್ಲಿಂದ ಹೊರಡೋವಾಗ ಗರಿಗರಿ ಇತ್ತು,” ಎನ್ನುತ್ತಾ, ಲೋಡಿಗೆ ಹೊದಿಸಿ ವಾಪಸ್ ಬಂದಿದ್ದ ಟಾರ್ಪಾಲನ್ನು ಎಳೆದು ತಂದಳು. ಇಬ್ಬರೂ ಬಿಸಿಲಿಗೆ ಹಿಡಿದರು. ಜರಡಿಯ ಹಾಗೆ ಎಲ್ಲೆಲ್ಲೂ ತೂತು; ದಾರಿಯಲ್ಲಿ ಸುರಿದ ಮಳೆ ಅಲ್ಲಿಂದಲೇ ಇಳಿದಿತ್ತು. ಬೀಗಿತ್ತಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವಳು ಮರ ಕಡಿದ ಜಾಗಕ್ಕೆ ಕರೆದೊಯ್ದಳು. ದಪ್ಪ ದಿಮ್ಮಿಗಳು ಮರದ ಮಿಲ್ಲಿಗೆ ಹೋಗಿದ್ದವು. ಕೊಂಬೆಗಳನ್ನು ಒಟ್ಟಿದ್ದರು. ಎಲೆ, ಸಣ್ಣ ಕಡ್ಡಿ ನೆಲದಲ್ಲೇ ಬಿದ್ದಿದ್ದವು.

“ಇದನ್ನ ಯಾಕೆ ಬಿಟ್ರಿ?”

“ಎಲ್ಲಾ ಬಳ್ಕೊಂಡು ಹೋದ್ರೆ ಮಣ್ಣು ಏನು ತಿನ್ಬೇಕು?” ಬೀಗಿತ್ತಿ ಮೊಣಕಾಲೆತ್ತರದ ಸಸಿಯೊಂದನ್ನು ತೋರಿಸಿದಳು. “ಇದು ಮರ ಆಗೋದನ್ನ ನೋಡೋಕೆ ನಾವಿಬ್ರೂ ಇರಲ್ಲ. ಅಂದ ಹಾಗೆ, ನಿಮ್ಮ ಕುಲುಮೆಗೆ ಎಷ್ಟು ಬೇಕು?”

ಯಾಕಕ್ಕ ಒಟ್ಟಿದ್ದ ಕೊಂಬೆಗಳ ಗುಡ್ಡೆಯನ್ನು ನೋಡಿದಳು. “ಇಷ್ಟು ಅದಕ್ಕೆ ಒಂದು ತುತ್ತು.”

“ಅಷ್ಟೊಂದಾ? ಯಾಕೆ?”

ಕಾರ್ಖಾನೆಯಲ್ಲಿ ಈವರೆಗೆ ಯಾರೂ ಯಾಕಕ್ಕನನ್ನು ತಿರುಗಿ ಯಾಕೆ ಎಂದು ಕೇಳಿರಲಿಲ್ಲ. ಅವಳು ಹುರುಪಿನಿಂದ ಶುರುಮಾಡಿದಳು. ಅದಿರಿನಿಂದ ಕಬ್ಬಿಣ ಬಿಡಿಸುವುದು, ಬಿಸಿಗಾಳಿ ಊದುವುದು, ಎಲ್ಲ ಹೇಳುವಷ್ಟರಲ್ಲಿ ಕೊನೆಯ ಬಸ್ಸು ಹೋಗಿಯೇ ಬಿಟ್ಟಿತ್ತು. ರಾತ್ರಿ ಬೀಗಿತ್ತಿಯ ಮನೆಯಲ್ಲೇ ಉಳಿದಳು. ಅತ್ತೆಯೂ ಅಮ್ಮನೂ ಒಂದೇ ಜಗಲಿಯಲ್ಲಿ ಕೂತಿದ್ದು ಕಂಡು ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

ಮುಂದಿನ ಲೋಡು ಹೊಸ ಟಾರ್ಪಾಲಿನಡಿ ಗರಿಗರಿಯಾಗಿಯೇ ಬಂತು. ಜೊತೆಗೆ ಬೀಗಿತ್ತಿಯೂ ಬಂದಳು. ಅವಳು ಹೆಲ್ಮೆಟ್ ಹಾಕಿಕೊಂಡು, ಕುಲುಮೆಯ ಬದಿಯ ಪುಟ್ಟ ಕಿಂಡಿಯ ಕಪ್ಪು ಗಾಜಿಗೆ ಕಣ್ಣಿಟ್ಟಳು. ಒಳಗೆ ಅವಳ ಇದ್ದಿಲು ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದು ಬೆಳಕಾಗುತ್ತಿತ್ತು.

“ಪೂರ್ತಿ ನಮ್ಮದನ್ನೇ ಹಾಕಬಾರದಾ?” ಎಂದು ಕೇಳಿದಳು.

ಇಂಜಿನಿಯರ್ ಹುಡುಗಿ ಆಗದೆಂದು ತಲೆಯಾಡಿಸಿದಳು. “ಊದೋ ಪುಡಿಗೆ ಇದು ಆಗತ್ತೆ. ಆದ್ರೆ ಮೇಲಿನ ಅದಿರಿನ ಭಾರ ಹೊರೋಕೆ ಗಟ್ಟಿ ಕೋಕೇ ಬೇಕು. ಇದ್ದಿಲಾದ್ರೆ ಅಪ್ಪಚ್ಚಿ. ಕೋಕನ್ನ ಕಲ್ಲಿದ್ದಲು ಬೇಯಿಸಿಯೇ ಮಾಡೋದು.”

ಪ್ರಯೋಗ ಗೆದ್ದಿತು, ಒಂದು ಪಾಲಿನ ಮಟ್ಟಿಗೆ. ಊದುವ ಕಲ್ಲಿದ್ದಲಿನಲ್ಲಿ ಸ್ವಲ್ಪ ಭಾಗ ಇದ್ದಿಲಾಯಿತು. ಹೆಚ್ಚು ಕೊಡಿ ಎಂದು ಕಾರ್ಖಾನೆ ಕೇಳಿದಾಗ, ಹೊಸ ಸಸಿಗಳು ಎದ್ದ ಲೆಕ್ಕಕ್ಕೆ ತಕ್ಕಷ್ಟೇ ಕೊಡುತ್ತೇವೆ ಎಂದು ಬೀಗಿತ್ತಿಯ ಗುಂಪು ಹಟ ಹಿಡಿಯಿತು. ಮಾತುಕತೆ ಇನ್ನೂ ನಡೆದಿದೆ. ಈ ನಡುವೆ ಯಾಕಕ್ಕ ರಜೆ ಸಿಕ್ಕಾಗಲೆಲ್ಲ ಆ ಬಸ್ಸು ಹತ್ತುತ್ತಾಳೆ. ಒಂದೇ ಮಳೆ, ಒಂದೇ ಮಣ್ಣು ಇದ್ದರೂ ಪಕ್ಕಪಕ್ಕದ ಎರಡು ಸಸಿಗಳಲ್ಲಿ ಒಂದೇ ಯಾಕೆ ಎತ್ತರವಾಗಿದೆ ಎಂಬುದು ಬೀಗಿತ್ತಿಗೂ ತಿಳಿದಿಲ್ಲ; ಇಬ್ಬರೂ ಸೇರಿ ಅದನ್ನೇ ನೋಡುತ್ತಿದ್ದಾರೆ.