ಅಟ್ಟದ ತೊಲೆಯ ಗಿಟಾರು

ಸಿಂಚನಾ, ನಿನ್ನ ಅಪ್ಪನ ಗಿಟಾರು ನಿಮ್ಮ ನಿಟ್ಟೂರಿನ ಹಳೇ ಮನೆಯ ಅಟ್ಟದ ತೊಲೆಯಿಂದ ಮಾಡಿದ್ದಲ್ಲ. ಕುಣಿಗಲ್ಲಿನ ಒಂದು ಸಾಮಿಲ್ಲಿನಿಂದ ನಾನು ತಂದ ಬೇರೆ ಹಲಸಿನ ಹಲಗೆ ಅದು. ಅವತ್ತು ನೀನು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಇದನ್ನು ಮೊದಲೇ ಬರೆದುಬಿಟ್ಟೆ — ಇಲ್ಲದಿದ್ದರೆ ಸುತ್ತಿ ಬಳಸಿ ಮಾತಾಡಿ, ಕೊನೆಗೆ ನನ್ನನ್ನು ನಾನೇ ಹೊಗಳಿಕೊಂಡು ಮುಗಿಸುವ ಆಸಾಮಿ ನಾನು.

ನಿನ್ನ ಅಪ್ಪ ರುದ್ರೇಶಣ್ಣ ಹಗಲೆಲ್ಲ ಗುಬ್ಬಿಯ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಾ, ಸಂಜೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸುತ್ತಿದ್ದ ಕಾಲ. ನೀನಿನ್ನೂ ಚಿಕ್ಕವಳು. ನಾನು ಶಿರಾ ಗೇಟಿನ ಫರ್ನಿಚರ್ ಅಂಗಡಿಯ ಕೆಲಸ ಬಿಟ್ಟು, ಸದಾಶಿವನಗರದ ನಮ್ಮ ಮನೆಯ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರು ಮಾಡಲು ಕೂತಿದ್ದೆ. ಬಾಗಿಲು ಕಿಟಕಿ ಮಾಡುತ್ತಿದ್ದವನಿಗೆ ಇದೇನು ಹುಚ್ಚು ಅಂತ ಬೀದಿಯವರೆಲ್ಲ ನಕ್ಕರು. ನಗಲಿ ಬಿಡು, ಹುಚ್ಚು ಇದ್ದದ್ದು ನಿಜವೇ.

ಒಂದು ದಿನ ನಿನ್ನ ಅಪ್ಪ ಲಗೇಜ್ ಆಟೋದಲ್ಲಿ ಆ ತೊಲೆ ಹಾಕಿಕೊಂಡು ಬಂದರು.

"ನಂಜುಂಡಣ್ಣ, ಹಳೇ ಮನೆ ಕೆಡವುದ್ವಿ. ಎಲ್ರೂ ಬಾಗ್ಲು, ಕಂಬ ಅಂತ ತಗೊಂಡೋದ್ರು. ನಂಗೆ ಅಟ್ಟದ ತೊಲೆ ಸಾಕು ಅಂದೆ. ನಮ್ಮ ತಾತ ಇಡ್ಸಿದ್ದು. ಇದ್ರಲ್ಲೇ ಗಿಟಾರ್ ಮಾಡ್ಕೊಡಿ."

ಗೆಣ್ಣಿನಿಂದ ಕುಟ್ಟಿದೆ. ಆಹಾ — ಆ ದನಿ! ಕರೆಂಟಿನ ಗಿಟಾರಿಗೆ ಮರ ಯಾವುದಾದರೇನು ಅನ್ನುವವರಿದ್ದಾರೆ. ನಾನು ಅವರ ಜೊತೆ ವಾದಕ್ಕಿಳಿಯುವುದಿಲ್ಲ, ಆದರೆ ಕುಟ್ಟಿ ನೋಡದೆ ಯಾವ ಹಲಗೆಯನ್ನೂ ಒಳಗೆ ತರುವುದಿಲ್ಲ. ವೀಣೆಗೆ ಒಗ್ಗುವ ಹಲಸು, ಅದರಲ್ಲೂ ಇಷ್ಟು ವರ್ಷ ಒಣಗಿದ್ದು, ಇದಕ್ಕಿಂತ ಇನ್ನೇನು ಬೇಕು ಅಂತ ಕುಣಿದಾಡಿದೆ. ಆಗ ನಿನ್ನ ಅಪ್ಪ ಸುಮ್ಮನೆ ಕೇಳಿದರು, "ಗಿಟಾರಿನ ಕತ್ತನ್ನ ಬಾಡಿಗೆ ಬೋಲ್ಟ್ ಹಾಕಿ ಕೂರಿಸ್ತಾರಂತಲ್ಲ?"

"ಬೋಲ್ಟ್ ಹಾಕೋದು ಬೆಂಚು ಮಾಡೋರ ಕೆಲ್ಸ ಅಣ್ಣ," ಅಂದೆ ನಾನು. "ನಾನು ಅಂಟಲ್ಲೇ ಕೂರಿಸ್ತೀನಿ. ನಿಮ್ಮ ಮೊಮ್ಮಕ್ಕಳು ಎಳುದ್ರೂ ಅಲ್ಲಾಡಲ್ಲ."

ಈ ಒಂದು ಮಾತು ನನ್ನ ಕುತ್ತಿಗೆಗೆ ಬಂತು. ಬಾಡಿ ಕೊರೆದೆ, ತೋಪಡ ಹೊಡೆದು ನುಣುಪು ಮಾಡಿದೆ, ಅಂಟು ಹಚ್ಚಿ ಕತ್ತು ಕೂರಿಸಿ ಬಿಗಿದಿಟ್ಟೆ. ತಂತಿ ಎಳೆದು ಬಿಗಿ ಮಾಡುತ್ತಿದ್ದ ಹಾಗೆಯೇ ಕತ್ತು ಕಿತ್ತುಕೊಂಡು ಕೈಗೆ ಬಂತು. ಮತ್ತೆ ಹಚ್ಚಿದೆ, ಮತ್ತೆ ಬಂತು. ಬೇರೆ ಅಂಟು ತಂದೆ — ಅದೂ ಅಷ್ಟೆ. ಆಮೇಲೆ ಮರವನ್ನು ಮೂಸಿದೆ. ಅಷ್ಟು ತಲೆಮಾರು ಆ ಅಟ್ಟದಲ್ಲಿ ನಿಮ್ಮವರು ಕೊಬ್ಬರಿಗೆ ಕಾಯಿ ಪೇರಿಸಿಟ್ಟಿದ್ದರಲ್ಲ, ಒಡೆದವು, ಕೊಳೆತವು ಎಲ್ಲದರ ಎಣ್ಣೆ ಇಳಿದು ಇಳಿದು ತೊಲೆಯ ಒಳಗೇ ಸೇರಿತ್ತು. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಗುಬ್ಬಿ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಹಾಳಾಗಿರಲಿಲ್ಲ ಮರ. ನಾಲ್ಕು ಸ್ಕ್ರೂ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ರುದ್ರೇಶಣ್ಣನಿಗೆ ಫೋನ್ ಮಾಡಿ, "ಅಣ್ಣ, ಬೋಲ್ಟೇ ಹಾಕ್ಬೇಕು" ಅಂದಿದ್ದರೆ ಅವರು ನಕ್ಕು "ಹಾಕಿ" ಅನ್ನುತ್ತಿದ್ದರು. ನನಗೆ ಆ ನಗು ಬೇಡವಾಗಿತ್ತು. ಬೆಂಚು ಮಾಡುವವನು ಅನ್ನಿಸಿಕೊಳ್ಳುವುದು — ನಾನೇ ಆಡಿದ ಮಾತು ನನ್ನ ಮೇಲೇ —

ಕುಣಿಗಲ್ಲಿಗೆ ಹೋದೆ. ಅದೇ ಹಳದಿಯ ಹಲಸಿನ ಹಲಗೆ ಆರಿಸಿ ತಂದೆ. ನಿಮ್ಮ ತೊಲೆಯಲ್ಲಿ ಕೊರೆದ ಬಾಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದೆ. ಹೊಸದು ಸಿದ್ಧವಾದ ಮೇಲೆ, ಅದರ ಬೆನ್ನಿನ ಕಡೆಯ ಮುಚ್ಚಳ ತೆಗೆದು ಒಳಗೆಲ್ಲ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಈ ಎಣ್ಣೆಗೆ. ನಿನ್ನ ಅಪ್ಪ ಗಿಟಾರನ್ನು ಮೂಗಿನ ಹತ್ತಿರ ಹಿಡಿದು, "ನೋಡಿ, ನಮ್ಮ ಅಟ್ಟದ ವಾಸ್ನೆ ಹಂಗೇ ಐತೆ!" ಅಂದಾಗ ಅವರ ಕಣ್ಣು ತುಂಬಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ವರ್ಷಗಳು ಹೋದವು. ಸುಳ್ಳು ಹೇಳುವುದಿಲ್ಲ, ನಾನು ಚೆನ್ನಾಗಿಯೇ ಉಂಡು ಮಲಗಿದೆ. ಕೆಲಸ ಕೈಹಿಡಿಯಿತು, ನಗುತ್ತಿದ್ದ ಬೀದಿಯವರೇ ನೆಂಟರನ್ನು ಕರೆತಂದು ಶೆಡ್ಡು ತೋರಿಸಿದರು. ಹೋದ ವರ್ಷ ನಿನ್ನ ಅಪ್ಪ ಬಂದು, "ಮಗಳಿಗೂ ಒಂದು ಬೇಕು, ತೊಲೆ ತುಂಡೇನಾದ್ರೂ ಉಳ್ಕಂಡೈತಾ?" ಅಂದರು. "ಇದೆ ಅಣ್ಣ" ಅಂದೆ. ಗೋಣಿಚೀಲ ಬಿಚ್ಚಿದೆ. ಸ್ಕ್ರೂ ಹಾಕಿದೆ, ಈಗಿನವರು ಬಿಚ್ಚಿ ಜೋಡಿಸುವುದನ್ನೇ ಕೇಳುತ್ತಾರೆ ಅಂತ ಒಂದು ಸಬೂಬು ಹೇಳಿದೆ. ನಿಮ್ಮ ಮರ ನಿಮ್ಮ ಮನೆಗೆ ಸೇರಿತು, ಲೆಕ್ಕ ಚುಕ್ತಾ ಅಂದುಕೊಂಡೆ. ಹೌದು ಸಿಂಚನಾ, ನಿನ್ನ ಕೈಯಲ್ಲಿರುವುದು ಅಪ್ಪನಿಗೆಂದು ಕೊರೆದ ಬಾಡಿಯೇ.

ಅದನ್ನು ಒಯ್ಯಲು ಬಂದ ದಿನ ಶೆಡ್ಡಿನಲ್ಲಿ ನೀವಿಬ್ಬರೂ ಒಂದೇ ಆಂಪ್ಲಿಫೈಯರಿಗೆ ಹಾಕಿ ನುಡಿಸಿದಿರಿ. ತಂತಿ ಒಂದೇ ಬಗೆಯದು, ತಂತಿಯ ದನಿ ಹಿಡಿಯುವ ಪಿಕಪ್ ಸುರುಳಿಯನ್ನು ಎರಡಕ್ಕೂ ಸುತ್ತಿದವರು ನಿನ್ನ ಅಪ್ಪನೇ. ನೀನು ಸ್ವಲ್ಪ ಹೊತ್ತು ಕೇಳಿ ಹೇಳಿದೆ, "ಅಪ್ಪ, ನಿಂದು ಬೇರೆ ಮರ ಅನ್ಸುತ್ತೆ. ನಂದ್ರಲ್ಲಿ ದನಿ ನಿಲ್ಲುತ್ತೆ, ನಿಂದ್ರಲ್ಲಿ ಬೇಗ ಹೋಗುತ್ತೆ."

ಅಪ್ಪನಿಗೆ ರೇಗಿತು. "ಕಿವಿ ಇದ್ಯೇನೇ ನಿಂಗೆ? ಒಂದೇ ತೊಲೆ ಕಣೇ ಅದು! ನೀವೇ ಹೇಳಿ ನಂಜುಂಡಣ್ಣ."

ನೀನು ನನ್ನ ಮುಖ ನೋಡಿದೆ. ನಿನ್ನ ಕಿವಿಯನ್ನು ಮೆಚ್ಚಿ ನನ್ನ ಎದೆ ಉಬ್ಬಿತ್ತು — ಇಂಥ ಕಿವಿ ನನಗಿದ್ದಿದ್ದರೆ ಅಂತ ಅಸೂಯೆಯೂ ಆಗಿತ್ತು. ಆದರೂ ಹೇಳಿದೆ:

"ಎರಡೂ ಒಂದೇ ತೊಲೆ ಕಣಮ್ಮ."

"ಹಂಗಾದ್ರೆ ನಂಗೇ ಗೊತ್ತಾಗ್ಲಿಲ್ಲ ಬಿಡಿ ಅಂಕಲ್," ಅಂದು ನೀನು ಗಿಟಾರನ್ನು ಬ್ಯಾಗಿಗೆ ಹಾಕಿದೆ.

ಹೋದ ವಾರ ತಂತಿ ಬದಲಿಸಲು ಬಂದಿದ್ದೆಯಲ್ಲ. ಮೊದಲೆಲ್ಲ ಅಪ್ಪನ ಗಿಟಾರು ತಂದಾಗ, "ಅಂಕಲ್, ತೋಪಡ ನಿಲ್ಸಿ, ಶ್ರುತಿ ಮಾಡ್ಬೇಕು" ಅಂತ ನನ್ನ ಕೆಲಸವನ್ನೇ ನಿಲ್ಲಿಸುತ್ತಿದ್ದವಳು, ಈ ಸಲ ಶ್ರುತಿ ತೋರಿಸುವ ಟ್ಯೂನರ್ ಸಿಕ್ಕಿಸಿಕೊಂಡೆ. ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಆದರೂ ಒಂದೊಂದು ತಂತಿಗೂ ಕೇಳಿದೆ, "ಸರಿ ಇದ್ಯಾ ಅಂಕಲ್?" ಯಾಕಮ್ಮ ಹೀಗೆ ಅಂದರೆ ನೀನು ನಕ್ಕೆ. "ನನ್ ಕಿವಿ ಅಷ್ಟಕ್ಕಷ್ಟೇ ಅಂತ ನಿಮ್ಗೇ ಗೊತ್ತಲ್ಲ."

ಅಲ್ಲಿಯವರೆಗೆ ನಾನು ಕದ್ದದ್ದು ಬರೀ ಒಂದು ಮರ ಅಂದುಕೊಂಡಿದ್ದೆ.

ಭಾನುವಾರ ಗುಬ್ಬಿಯ ನಿಮ್ಮ ಮನೆಗೆ ಬರುತ್ತೇನೆ. ಅಪ್ಪನಿಗೆ ನೀನು ಹೇಳಬೇಡ, ಅದು ನಾನೇ ಹೇಳಬೇಕಾದ ಮಾತು. ಅವರ ಎದುರೇ ನಿನ್ನ ಗಿಟಾರಿನ ಸ್ಕ್ರೂ ಬಿಚ್ಚಿ, ಕತ್ತು ಕೂರುವ ಕಡೆ ಎಣ್ಣೆ ಕುಡಿದು ಕಪ್ಪಾದ ಮರ ತೋರಿಸುತ್ತೇನೆ. ಆಮೇಲೆ ಅವರ ಗಿಟಾರಿನ ಮುಚ್ಚಳ ತೆಗೆದು ನನ್ನ ಎಣ್ಣೆಯನ್ನೂ ತೋರಿಸುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೆ ಅದೂ ಅವರ ಇಷ್ಟ. ಯಾವ ಗಿಟಾರು ಯಾರಿಗೆ ಅನ್ನುವುದನ್ನು ನೀವು ಅಪ್ಪ ಮಗಳು ಮಾತಾಡಿಕೊಳ್ಳಿ. ವಿಚಿತ್ರವೆಂದರೆ ಇಷ್ಟು ಬರೆದ ಮೇಲೆ ಭಯವೇ ಇಲ್ಲ, ಬೆಳಿಗ್ಗೆಯಿಂದ ಹಗುರವಾಗಿ ಓಡಾಡುತ್ತಿದ್ದೇನೆ.

ಒಂದೇ ಕೋರಿಕೆ. ಭಾನುವಾರ ಆ ಟ್ಯೂನರನ್ನು ಒಳಗಿಟ್ಟುಬಿಡು. ಎಲ್ಲ ಬಿಚ್ಚಿ ಜೋಡಿಸಿದ ಮೇಲೆ ಎರಡೂ ಗಿಟಾರುಗಳನ್ನು ನೀನೇ ಶ್ರುತಿ ಮಾಡಬೇಕು, ಕಿವಿಯಿಂದಲೇ. ಸರಿ ಇದೆಯಾ ಅಂತ ನನ್ನನ್ನು ಕೇಳಬೇಡ. ನೀನು ಸರಿ ಅಂದಮೇಲೆ ಸರಿ.