ಶ್ರೀಕಂಠಯ್ಯನವರ ಆಯಿಲ್ ಸೀಲು

ಭಾನುವಾರ ಬಂತೆಂದರೆ ನಮ್ಮ ದಹಿಸರ್ ಬಿಲ್ಡಿಂಗಿನ ಶ್ರೀಕಂಠಯ್ಯನವರಿಗೆ ಚಡಪಡಿಕೆ ಶುರು. ಬ್ಯಾಂಕಿಗೆ ರಜೆ, ಹಳೆಯ ಕಾರಿಗೆ ರಿಪೇರಿ. ಕ್ಯಾಮ್‌ಶಾಫ್ಟೆಂಬ ತಿರುಗುವ ದಂಡದ ತುದಿಯಲ್ಲಿ ಎಣ್ಣೆ ತಡೆಯಬೇಕಾದ ರಬ್ಬರ್ ಸೀಲಿನಿಂದಲೇ ಎಂಜಿನ್ ಎಣ್ಣೆ ಜಿನುಗುತ್ತಿತ್ತು. ಬನಿಯನ್ನಿನಲ್ಲೇ ಕೆಳಗಿಳಿದು ಬಾನೆಟ್ ಎತ್ತುವರು, ಎಂಜಿನ್ನಿನ ಬೆಲ್ಟು ಬಿಚ್ಚುವರು, ಹಳೆಯ ಸೀಲು ಕಿತ್ತು ಹೊಸದನ್ನು ಕೂರಿಸುವರು. ಕಾಫಿಗೆಂದು ಮೇಲೆ ಹೋದವರು ಅರ್ಧ ಲೋಟಕ್ಕೇ ಓಡಿಬಂದು ಕಾರಿನಡಿ ಇಣುಕುವರು. ಮತ್ತೆ ಎಣ್ಣೆ! "ಗ್ಯಾರೇಜಿಗೆ ಬಿಡಿ ಸಾರ್, ಯಾಕೀ ಝಂಜಟ್?" ಎಂದರೆ, "ಅವ್ರು ಸುತ್ತಿಗೇಲಿ ಬಡೀತಾರೆ ಸ್ವಾಮಿ, ಇದನ್ನ ಮಗು ಥರ ಕೂರಿಸ್ಬೇಕು" ಎನ್ನುವರು. ನಾವೆಲ್ಲ ನಗುತ್ತಿದ್ದೆವು. ಆ ಕಾರು ಏಕೆ ಬಂತೆಂದು ಹೇಳಿದವರು ಅವರ ಹೆಂಡತಿ ಪಂಕಜಮ್ಮ. ಲೋಕಲ್ ಟ್ರೇನು ಹತ್ತುವ ನೂಕುನುಗ್ಗಲಿನಲ್ಲಿ ಗಂಡನ ಕೈ ತಪ್ಪಿ ಆಕೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿದ್ದರು. ಮುರಿದ ಕಾಲು ಕೂಡಿಕೊಂಡಿತು, ಟ್ರೇನಿನ ಭಯ ಹೋಗಲಿಲ್ಲ. ದೂರದ ಬೈಕುಲ್ಲಾದಲ್ಲಿದ್ದ ತಮ್ಮ ತಂಗಿಯ ಮನೆಗೆ ಆಕೆ ಹೋಗಿ ಎರಡು ವರ್ಷವಾಗಿತ್ತು; ಅದಕ್ಕೆಂದೇ ಗಂಡ ಈ ಕಾರು ತಂದಿದ್ದರು. ಸೀಲು ಓರೆಯಾಗಿ ಕೂರುತ್ತಿದೆಯೆಂದು ಶ್ರೀಕಂಠಯ್ಯನವರಿಗೆ ಕೊನೆಗೂ ಒಂದು ಭಾನುವಾರ ಹೊಳೆಯಿತು. ಅದರಷ್ಟೇ ಅಗಲದ ಪೈಪಿನ ತುಂಡು ತಂದು ಸುತ್ತಲೂ ಸಮನಾಗಿ ಒತ್ತಿದರು. ಎಂಜಿನ್ ಬಹಳ ಹೊತ್ತು ಓಡಿದರೂ ಒಂದು ಹನಿ ಬೀಳಲಿಲ್ಲ. "ಪಂಕಜಾ, ಬೇಗ ರೆಡಿಯಾಗು, ನಿನ್ನ ತಂಗಿ ಮನೆಗೆ ಹೋಗೋಣ" ಎಂದು ಕೂಗಿದರು. ಸೀರೆ ಬದಲಿಸಿ ಬಂದ ಪಂಕಜಮ್ಮ ಕಾರಿನ ಬಾಗಿಲ ಬಳಿ ಹಿಂಜರಿದು ನಿಂತು, "ದಾರೀಲಿ ನಿಂತೋದ್ರೆ?" ಎಂದರು. "ನಿಂತೋದ್ರೆ ಇಬ್ರೂ ಒಳಗೇ ಕೂತಿರೋಣ ಕಣೇ. ಇಲ್ಲಿ ಯಾರೂ ನೂಕಲ್ಲ" ಎಂದರು ಶ್ರೀಕಂಠಯ್ಯ.