ಆ ಮನೆಗೆ ಒಬ್ಬಳು ಮಗಳಿದ್ದಳು

ಏಪ್ರಿಲ್ ಬಂತೆಂದರೆ ನಮ್ಮ ಫರೀದಾಬಾದಿನ ಮಾರ್ಕೆಟ್ಟಿನಲ್ಲಿ ಕೂಲರ್ ರಿಪೇರಿಯವರು ಕೂಲರಿನ ಪಕ್ಕಕ್ಕೆ ಕಟ್ಟುವ ಹೊಸ ಬೇರಿನ ತಡಿಕೆಗಳನ್ನು ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಈ ಸಲ ನಾನು ತರಕಾರಿ ಚೀಲ ಹಿಡಿದು ಹಾದುಹೋಗುವಾಗ ಅಂಗಡಿಯವನು ಒಂದು ತಡಿಕೆಯ ಮೇಲೆ ಮಗ್ಗಿನಿಂದ ನೀರು ಸುರಿದ. ಒಣಗಿದ ಬೇರು ನೆನೆದಾಗ ಏಳುವ ಆ ವಾಸನೆಗೆ ನನ್ನ ಕಾಲು ಅಲ್ಲೇ ನಿಂತಿತು. ಇಲ್ಲಿ ಎಲ್ಲರೂ ಅದನ್ನು ಖಸ್ ಅನ್ನುತ್ತಾರೆ. ಅಮ್ಮ ಮಾತ್ರ ಲಾವಂಚ ಅನ್ನುತ್ತಿದ್ದಳು. ಸೆಕ್ಟರಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿಗೆ ಕೂರಿಸಿದ ತಗಡಿನ ಕೂಲರ್, ಅದರ ಒದ್ದೆ ಗಾಳಿಗೆ ತಲೆಯಿಟ್ಟು ನೆಲದ ಮೇಲೆ ಮಲಗಿದ ಅಮ್ಮ, ಅವಳ ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಪೊನ್ನಕ್ಕ. ಎಷ್ಟೋ ಬೇಸಿಗೆಯ ಮಧ್ಯಾಹ್ನಗಳನ್ನು ನಾನು, ಅಮ್ಮ ಯಾರ ಕಡೆ ಹೊರಳುತ್ತಾಳೆಂದು ಕಾಯುತ್ತಲೇ ಕಳೆದಿದ್ದೇನೆ.

ಪೊನ್ನಕ್ಕನನ್ನು ನೀವೂ ಬಲ್ಲಿರಿ. ಟಿವಿಯಲ್ಲಿ ಬೇರೆ ಹೆಸರಿನಿಂದ ನೋಡಿರುತ್ತೀರಿ, ಓದುವವರಾದರೆ ಅವಳ ಕಾದಂಬರಿಗಳನ್ನೂ ಓದಿರುತ್ತೀರಿ. ಹೋಳಿ ಕಳೆದ ವಾರಕ್ಕೆ ಅವಳು ತೀರಿಕೊಂಡಳು. ಪತ್ರಿಕೆಗಳು ದೊಡ್ಡದಾಗಿಯೇ ಬರೆದವು. ತಾಯಿಯಿಲ್ಲದ ಈ ಹುಡುಗಿ ದೆಹಲಿಯ ಹತ್ತಿರ ಮಕ್ಕಳಿಲ್ಲದ ಹೆಂಗಸೊಬ್ಬಳ ಮಡಿಲಲ್ಲಿ ಬೆಳೆದಳು, ಆ ಹೆಂಗಸೇ ಅವಳಿಗೆ ಕನ್ನಡ ಕಲಿಸಿದ್ದು ಎಂದು ಒಂದರಲ್ಲಿತ್ತು. ಆ ಹೆಂಗಸು ನನ್ನ ಅಮ್ಮ. ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಐವತ್ತು ದಾಟಿದ ಮೇಲೆ ನಾನು ಲೇಖನಿ ಹಿಡಿದಿದ್ದರೆ ಅದಕ್ಕೆ ಆ ಒಂದು ಸಾಲೇ ಕಾರಣ.

ಅಪ್ಪ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಒಮ್ಮೆ ಊರಿನಿಂದ ಬರುವಾಗ ರೈಲಿನಲ್ಲಿ ಕೊಡಗಿನ ಒಬ್ಬ ಸುಬೇದಾರರು ಎದುರು ಸೀಟಿನಲ್ಲಿದ್ದರಂತೆ. ಎರಡು ದಿನ ಜೊತೆಗೆ ಬುತ್ತಿ ಹಂಚಿಕೊಂಡು ತಿಂದ ಸ್ನೇಹ ಎಷ್ಟು ಬಲಿಯಿತೆಂದರೆ, ಮುಂದೆ ಅವರ ಹೆಂಡತಿ ತೀರಿಕೊಂಡು, ಅವರಿಗೆ ಗಡಿಗೆ ವರ್ಗವಾದಾಗ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದರು. ದೆಹಲಿಯಲ್ಲಿ ಕಾಲೇಜು ಮುಗಿಸುವ ತನಕ ಎಂಬ ಮಾತಾಗಿತ್ತು. ಆಗ ಅವಳಿಗೆ ಹದಿನೇಳು, ನನಗೆ ಒಂಬತ್ತು. ಕಬ್ಬಿಣದ ಕಪ್ಪು ಟ್ರಂಕು, ಮೊಣಕಾಲಿಗೆ ಬರುವ ಜಡೆ. ಮೊದಮೊದಲು ಅಮ್ಮನನ್ನು ಆಂಟಿ ಅನ್ನುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಒಂದು ದಿನ ಅಡುಗೆಮನೆಯಿಂದ "ಅವ್ವ, ಸಕ್ಕರೆ ಎಲ್ಲಿ?" ಎಂಬ ಅವಳ ಧ್ವನಿ ಕೇಳಿಸಿತು. ಅಮ್ಮ ಏನೂ ವಿಶೇಷ ನಡೆಯಲಿಲ್ಲ ಎಂಬಂತೆ ಸಕ್ಕರೆ ಡಬ್ಬಿ ತೋರಿಸಿದಳು. ನಾನು ಆ ದಿನ ಸಿಹಿ ಮುಟ್ಟಲಿಲ್ಲ. ಯಾರೂ ಯಾಕೆಂದು ಕೇಳಲೂ ಇಲ್ಲ.

ಅಮ್ಮನಿಗೆ ಊರಿನಿಂದ ಕನ್ನಡ ವಾರಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು, ಹತ್ತು ದಿನ ಹಳತಾಗಿ, ಕೊಳವೆಯಂತೆ ಸುತ್ತಿಕೊಂಡು. ಪಾತ್ರೆ ತೊಳೆದಾದ ಮೇಲೆ ಅವಳು ಅದರ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದುವುದೆಂದರೆ ಬರಿಯ ಓದಲ್ಲ. ಅತ್ತೆಯ ಮಾತಿಗೆ ಗಂಟಲು ಗಡುಸಾಗುತ್ತಿತ್ತು, ಸೊಸೆಯ ಮಾತು ಬಂದರೆ ತಲೆ ತಾನಾಗಿಯೇ ಬಾಗುತ್ತಿತ್ತು. ನಾನು ಗಲ್ಲಿಯ ಹುಡುಗಿಯರ ಜೊತೆ ಸ್ಟಾಪೂ, ಅಂದರೆ ಕುಂಟೆಬಿಲ್ಲೆ, ಆಡಲು ಓಡುತ್ತಿದ್ದೆ. ಪೊನ್ನಕ್ಕ ಗೋಡೆಗೊರಗಿ ಕೇಳುತ್ತಿದ್ದಳು. ಅವಳ ಮನೆಮಾತು ಕೊಡವ ಭಾಷೆ, ಓದಿದ್ದೆಲ್ಲ ಸೇನೆಯ ಶಾಲೆಗಳಲ್ಲಿ. ಕನ್ನಡ ಅಕ್ಷರ ಅವಳಿಗೂ ಬರುತ್ತಿರಲಿಲ್ಲ. ಅಮ್ಮ ನಮ್ಮಿಬ್ಬರಿಗೂ ಒಂದೊಂದು ನೋಟ್‌ಬುಕ್ ತಂದಳು. "ಅ ಬರಿ ಶೈಲು, ನೋಡೋಣ," ಅಂದರೆ ನಾನು "ಮುಝ್‌ಸೇ ನಹೀ ಹೋತಾ ಅಮ್ಮ" ಎಂದು, ನನ್ನಿಂದಾಗದೆಂದು ಹಿಂದಿಯಲ್ಲೇ ಹೇಳಿ, ಎದ್ದುಬಿಡುತ್ತಿದ್ದೆ. ಪೊನ್ನಕ್ಕ ಬರೆದಳು. ವರ್ಷ ಕಳೆಯುವುದರಲ್ಲಿ ಧಾರಾವಾಹಿಯನ್ನು ಅವಳೇ ಓದತೊಡಗಿದಳು, ಅಮ್ಮನ ಎಲ್ಲ ಧ್ವನಿಗಳಲ್ಲಿ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಒಮ್ಮೆಯೂ ತರಲಿಲ್ಲ.

ಆ ಮೇ ತಿಂಗಳಲ್ಲಿ ಪೊನ್ನಕ್ಕನ ನೋಟ್‌ಬುಕ್ಕನ್ನು ಕೂಲರಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿದವಳು ನಾನು. ಅದರಲ್ಲಿ ಅಮ್ಮ ಅವಳಿಗಾಗಿ ಪದ್ಯಗಳನ್ನೂ ತನ್ನ ಬಾಲ್ಯದ ಕಥೆಗಳನ್ನೂ ಬರೆದುಕೊಟ್ಟಿದ್ದಳು. ನೀಲಿ ಶಾಯಿ ಕರಗಿ ನೀರೆಲ್ಲ ನೀಲಿಯಾಯಿತು. ಸಿಕ್ಕಿಬಿದ್ದು ಏಟು ತಿನ್ನಲು ನಾನು ಸಿದ್ಧಳಾಗಿಯೇ ಇದ್ದೆ. ಆದರೆ ಪೊನ್ನಕ್ಕ ಆ ಹಸಿ ಮುದ್ದೆಯನ್ನು ಕೈಯಲ್ಲಿ ಹಿಡಿದು ನನ್ನನ್ನು ಒಂದು ಸಲ ನೋಡಿ, "ನೀರು ತುಂಬಿಸೋವಾಗ ನನ್ನ ಕೈಯಿಂದ ಜಾರಿತು ಅವ್ವ," ಅಂದಳು. ಬೈಗುಳವೂ ಅವಳ ಪಾಲಿಗೇ ಹೋಯಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕಾಲೇಜಿನಲ್ಲಿ ಅವಳು ನಾಟಕಕ್ಕೆ ಸೇರಿದಳು. ಬೆಳಗಿನ ಶಟಲ್ ರೈಲಿನಲ್ಲಿ ದೆಹಲಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಮುಖದ ಬಣ್ಣ ಅರ್ಧ ಒರೆಸಿಕೊಂಡು ಬರುತ್ತಿದ್ದಳು. ಒಂದು ನಾಟಕ ನೋಡಿದ ಯಾರೋ ಹಿಂದಿ ಧಾರಾವಾಹಿಗೆ ಕರೆದರು. ನಾಲ್ಕು ವರ್ಷ ತುಂಬಿದಾಗ ಕಪ್ಪು ಟ್ರಂಕು ಮುಂಬೈಗೆ ಹೋಯಿತು. ಮೊದಲು ನಾದಿನಿಯ ಪಾತ್ರ, ಸಿನಿಮಾಗಳಲ್ಲಿ ನಾಯಕನ ತಂಗಿ, ಆಮೇಲೆ ವರ್ಷಗಟ್ಟಲೆ ನಡೆದ ಧಾರಾವಾಹಿಯ ಹಿರಿಸೊಸೆ. ನಮ್ಮ ಗಲ್ಲಿಯೆಲ್ಲ ಅವಳನ್ನು ನೋಡಲು ಟಿವಿ ಮುಂದೆ ಕೂರುತ್ತಿತ್ತು. ಹಿರಿಸೊಸೆ ತಲೆ ಬಾಗಿಸಿದಾಗಲೆಲ್ಲ ನಾನು ಗುರುತಿಸುತ್ತಿದ್ದೆ, ಅದು ಅಮ್ಮನ ತಲೆ. ಜಗತ್ತೆಲ್ಲ ಅವಳ ನಟನೆ ಅಂದುಕೊಂಡಿತ್ತು. ಅಮ್ಮನಿಗೂ ಗೊತ್ತಾಗಿರಬೇಕು, ಸುಮ್ಮನೆ ನಗುತ್ತಿದ್ದಳು. ನಾನು ಬಿ.ಕಾಂ. ಮುಗಿಸಿ ಇದೇ ಊರಿನ ಕಾರ್ಖಾನೆಯೊಂದರ ಆಫೀಸು ಸೇರಿದೆ. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ಅಮ್ಮನಿಗೆ ಅನ್ನ ಬಡಿಸಿದವಳು, ಅವಳ ಕಾಲು ಒತ್ತಿದವಳು ನಾನು. ಬಂದವರು ಮಾತ್ರ ಕೇಳುತ್ತಿದ್ದುದು ಪೊನ್ನಿಯ ಸುದ್ದಿ.

ಅಮ್ಮ ತೀರಿಕೊಂಡಾಗ ಪೊನ್ನಕ್ಕ ಹೊರದೇಶದ ಶೂಟಿಂಗಿನಲ್ಲಿದ್ದಳು, ಬರಲಾಗಲಿಲ್ಲ. ಅದಾದ ಮೇಲೆ ಅವಳಿಗೆ ತಾಯಿಯ ಪಾತ್ರಗಳು ಬಂದವು, ಮತ್ತೆ ಅವೂ ನಿಂತವು. ಮೈಸೂರಿಗೆ ಹೋಗಿ ನೆಲೆಸಿದವಳು ಒಂದು ದಿನ ಕಾದಂಬರಿ ಬರೆದಳು, ಅದೂ ಕನ್ನಡದಲ್ಲಿ. ಪುಸ್ತಕ ನನ್ನ ಮನೆಗೆ ಅಂಚೆಯಲ್ಲಿ ಬಂತು. ನನಗಾಗ ಕನ್ನಡ ಓದಲು ಬರುತ್ತಿರಲಿಲ್ಲ. ನಮ್ಮ ಅಮ್ಮನ ಬಗ್ಗೆ ಅವಳು ಏನು ಬರೆದಿದ್ದಾಳೋ, ನೀಲಿ ನೀರಿನ ಸಂಗತಿ ಇದೆಯೋ ಎಂದು ತಿಂಗಳುಗಟ್ಟಲೆ ಪುಟ ತಿರುವಿದೆ. ಕೊನೆಗೆ ಓಲ್ಡ್ ರಾಜಿಂದರ್ ನಗರದಲ್ಲಿ ಕೋಣೆ ಹಿಡಿದು ಸಿವಿಲ್ ಸರ್ವೀಸ್ ಪರೀಕ್ಷೆಗೆ ಓದುತ್ತಿದ್ದ ಗದಗಿನ ಹುಡುಗಿ ರೇಣುಕಾಳನ್ನು ಹುಡುಕಿದೆ. ಪ್ರತಿ ಭಾನುವಾರ ಮೆಟ್ರೋ ಹಿಡಿದು ಹೋಗಿ ಅವಳ ಮಂಚದ ಮೇಲೆ ಕೂತು ಅ ಆ ಬರೆದೆ. "ಒತ್ತಕ್ಷರಕ್ಕ ಅಷ್ಟ್ಯಾಕ ಹೆದರ್ತೀರಿ ಆಂಟಿ, ಸಾವಕಾಶ ಬರ್ತಾವ," ಅನ್ನುತ್ತಿದ್ದಳು. ಬಂದವು. ಎರಡು ವರ್ಷ ಹಿಡಿಯಿತು.

ಕಾದಂಬರಿಯಲ್ಲಿ ಎಲ್ಲವೂ ಇತ್ತು, ತಗಡಿನ ಕೂಲರ್ ಕೂಡ. ನಾನಿರಲಿಲ್ಲ. ಅಮ್ಮನಿಗೆ ಅಲ್ಲಿ ಮಕ್ಕಳೇ ಇಲ್ಲ. ಅವಳು ಸಂಜೆ ಬಟ್ಟೆ ತೆಗೆಯುವ ನೆಪದಲ್ಲಿ ತಾರಸಿಗೆ ಹೋಗಿ, ಮಾತಾಡುವವರಿಲ್ಲದೆ, ತನ್ನೊಂದಿಗೆ ತಾನೇ ಕನ್ನಡ ಮಾತಾಡಿಕೊಳ್ಳುತ್ತಿದ್ದಳು ಎಂದು ಒಂದು ಕಡೆ ಬರುತ್ತದೆ. ಅಮ್ಮ ನನಗದನ್ನು ಎಂದೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಹಿಂದಿಯಲ್ಲಿ ಉತ್ತರ ಕೊಟ್ಟಿರುತ್ತಿದ್ದೆ. ನನ್ನನ್ನು ಅಳಿಸಿದ್ದಕ್ಕೆ ಬಂದ ಸಿಟ್ಟು ಯಾವುದು, ಅಮ್ಮನಿಗಾಗಿ ಬಂದ ಅಳು ಯಾವುದು ಎಂದು ಬಿಡಿಸಲು ಆಗಲಿಲ್ಲ.

ದೆಹಲಿಯ ಕನ್ನಡಿಗರು ಅವಳನ್ನು ಕರೆಸಿ ಸನ್ಮಾನ ಮಾಡಿದ ದಿನ ಹೋದೆ. ಮುಗಿದ ಮೇಲೆ ಕರೋಲ್ ಬಾಗಿನ ಒಂದು ಸಣ್ಣ ಹೋಟೆಲಿನ ಅವಳ ಕೋಣೆಯಲ್ಲಿ ಇಬ್ಬರೇ ಚಹಾ ಕುಡಿದೆವು. ಜಡೆ ಹೋಗಿ ಕತ್ತಿನ ತನಕ ಬಿಳಿಗೂದಲು ಉಳಿದಿತ್ತು. "ಮನೆಗೆ ಒಬ್ಬಳು ಮಗಳಿದ್ದಳಲ್ಲ ಪೊನ್ನಕ್ಕ, ಅವಳೆಲ್ಲಿ ಹೋದಳು?" ಎಂದು ಕೇಳಿದೆ, ಕನ್ನಡದಲ್ಲಿ.

ಅವಳು ಲೋಟ ಕೆಳಗಿಟ್ಟಳು. "ಬರೆದಿದ್ದೆ ಶೈಲು. ಮೂರು ಸಲ ಬರೆದೆ. ನೀನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಅವ್ವ ನನ್ನ ಬಿಟ್ಟು ನಿನ್ನ ಕಡೆ ತಿರುಗಿಬಿಡ್ತಿದ್ರು. ಮೂರು ಸಲವೂ ಹಾಗೇ ಆಯ್ತು. ಕೊನೆಗೆ ನಿನ್ನನ್ನೇ ತೆಗೆದೆ." ಮತ್ತೆ ಅಂದಳು, "ನೀನು ಕೇಳದೇನೇ ಅವರ ತಟ್ಟೆಯಿಂದ ತಿಂತಿದ್ದೆ. ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ಕೈ ಹಾಕಲಿಲ್ಲ."

ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ತಿಳಿದರೆ ನನ್ನದು ತಣ್ಣಗಾಗಬೇಕಿತ್ತು. ಆಗಲಿಲ್ಲ. ಹೊರಡುವಾಗ ಅವಳು ನನ್ನ ಕೈ ಹಿಡಿದುಕೊಂಡು, "ಕೊನೆಗೆ ಅವ್ವ ನನ್ನ ಬಗ್ಗೆ ಏನಾದ್ರೂ ಅಂದ್ರಾ?" ಎಂದು ಕೇಳಿದಳು. "ಇಲ್ಲ ಪೊನ್ನಕ್ಕ, ಮಾತೇ ನಿಂತುಹೋಗಿತ್ತು," ಅಂದೆ. ಅವಳು ತಲೆಯಾಡಿಸಿದಳು. ನಾನು ಸೈಕಲ್ ರಿಕ್ಷಾ ಹತ್ತಿ ಮೆಟ್ರೋಗೆ ಹೋದೆ. ಅವಳನ್ನು ನೋಡಿದ್ದು ಅದೇ ಕೊನೆ.

ಮಾತು ನಿಂತಿರಲಿಲ್ಲ. ಅಮ್ಮ ಹೋಗುವ ಮೂರು ದಿನ ಮೊದಲು, ಮಧ್ಯಾಹ್ನ, ನಾನು ಅವಳ ಬಾಯಿಗೆ ಚಮಚದಲ್ಲಿ ನೀರು ಹಾಕುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಾ, "ಪೊನ್ನಿ, ಬಂದ್ಯಾ?" ಅಂದಳು. ನಾನು ಶೈಲು ಎನ್ನಲು ಬಾಯಿ ತೆರೆದೆ. ಆ ಕಣ್ಣುಗಳಲ್ಲಿದ್ದ ಸಂತೋಷವನ್ನು ನೋಡಿ ಹೇಳಲಾಗಲಿಲ್ಲ. "ಬಂದೆ," ಅಂದೆ. ಅಮ್ಮ ನನ್ನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ, "ಶೈಲು ಎಲ್ಲಿ? ಅವಳಿಗೆ ಊಟ ಆಯ್ತಾ?" ಎಂದು ಕೇಳಿದಳು. "ಆಯ್ತು," ಅಂದೆ. ಆಗಿರಲಿಲ್ಲ.